ಗ್ಯಾಂಗಿನ ದ್ರೋಹಿ ಯಾರು?

ಸಿನಿಮಾ ನೋಡದವರಿಗೆ ಅದರ ಕೊನೆ ಹೇಳಬಾರದು. ಇದನ್ನು ಬೋರ್ಡ್ ಬರೆದು ಹಾಕಬೇಕಾಗಿಲ್ಲ, ಅಷ್ಟು ಸಾಮಾನ್ಯ ಮರ್ಯಾದೆ ಎಂದು ನಂಬಿದ್ದೆ. ಬಸವೇಶ್ವರನಗರದಲ್ಲಿ ಈ ನಂಬಿಕೆ ಒಂದು ವಾರವೂ ಬಾಳುವುದಿಲ್ಲ.

ಹೊಸ ಗ್ಯಾಂಗ್‌ಸ್ಟರ್ ಸಿನಿಮಾ ಒಂದು ಬಂದಿತ್ತು. ಡಾನ್ ಮನೆಯೊಳಗಿಂದಲೇ ಪೊಲೀಸರಿಗೆ ಸುದ್ದಿ ಮುಟ್ಟಿಸುತ್ತಿರುವ ದ್ರೋಹಿ ಯಾರು ಎಂಬುದೇ ಕಥೆ. ಡ್ರೈವರ್, ಲಾಯರ್, ತಂಗಿ, ಅಡುಗೆಯವ, ನಾಲ್ವರ ಮೇಲೂ ಅನುಮಾನ. ನನಗೂ ಹೆಂಡತಿಗೂ ಭಾನುವಾರಕ್ಕೆ ಟಿಕೆಟ್ ತೆಗೆದೆ. ಅಲ್ಲಿಯವರೆಗೆ ಕಿವಿ ಕಾಪಾಡಿಕೊಂಡರೆ ಸಾಕಿತ್ತು.

೧. ಗಂಟಲ ಮೇಲೆ ರೇಜರ್

ಮಂಗಳವಾರ ಕ್ಷೌರದಂಗಡಿಯಲ್ಲಿ ಶೇವಿಂಗ್‌ಗೆ ಕೂತಿದ್ದೆ.

"ಆ ಪಿಚ್ಚರ್ ನೋಡಿದ್ರಾ ಸಾರ್?" ಎಂದ ಕ್ಷೌರಿಕ.

"ಇಲ್ಲ, ಹೇಳಬೇಡ" ಎನ್ನುವಷ್ಟರಲ್ಲಿ ರೇಜರ್ ಗಂಟಲಿಗೆ ಬಂತು.

"ಅಲ್ಲಾಡ್ಬೇಡಿ ಸಾರ್. ಆ ಡ್ರೈವರ್ ಪಾಪ, ಇಂಟರ್‌ವಲ್‌ಗೇ ಹೋಗ್ಬಿಡ್ತಾನೆ. ಡಾನ್‌ಗೋಸ್ಕರ ಪ್ರಾಣ ಕೊಟ್ಟ. ನಾನಂತೂ ಅತ್ಬಿಟ್ಟೆ."

ಅನುಮಾನದ ಪಟ್ಟಿಯಲ್ಲಿ ಒಬ್ಬ ಕಡಿಮೆಯಾದ. ಸೋಪು ಒರೆಸಿದ ಮೇಲೆ ಬೈದೆ. ಅವನು ನಿಜಕ್ಕೂ ಗಾಬರಿಯಾದ.

"ಕ್ಲೈಮ್ಯಾಕ್ಸ್ ಎಲ್ಲಿ ಹೇಳ್ದೆ ಸಾರ್? ಬೇಕಾ?"

೨. ಒಂದಕ್ಷರವೂ ಹೇಳದವರು

ನಮ್ಮ ಮಹಡಿಯ ಬಾಡಿಗೆದಾರರು ಬಾಗಲಕೋಟೆ ಕಡೆಯವರು, ಬ್ಯಾಂಕ್ ಅಧಿಕಾರಿ, ಮಾತು ತೂಗಿ ಆಡುವವರು. ಶುಕ್ರವಾರ ಬೆಳಿಗ್ಗೆ ಗೇಟಿನಲ್ಲಿ ಸಿಕ್ಕರು.

"ನಮ್ಮ ಮನಿಯವ್ರು ನಿನ್ನೆ ಆ ಸಿನಿಮಾ ನೋಡ್ಕೊಂಡ ಬಂದ್ರು. ಪೂರ್ತಿ ಕಥಿ ನನಗ ಹೇಳ್ಯಾರ. ಆದ್ರ ನಿಮಗ ನಾ ಒಂದಕ್ಷರ ಹೇಳಂಗಿಲ್ರಿ ಸರ."

ಅಂತೂ ಒಬ್ಬ ಸಭ್ಯ ಸಿಕ್ಕನಲ್ಲ ಎಂದು ಕೈ ಮುಗಿದೆ. ಅವರು ಗಾಡಿ ಸ್ಟಾರ್ಟ್ ಮಾಡಿ, ಎರಡು ಮಾರು ಹೋಗಿ, ತಿರುಗಿ ಬಂದರು.

"ಆ ಲಾಯರ್ ಮ್ಯಾಲೆ ಮಾತ್ರ ಸಂಶಯ ಪಡಬ್ಯಾಡ್ರಿ. ಭಾಳ ಸಜ್ಜನ ಮನಶಾ."

೩. ಕಪ್ಪು ಪರದೆ

ಭಾನುವಾರ ನೋಡಿದ ಸಿನಿಮಾದ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಕಥೆ ತೆಳು. ಡಾನ್ ಒಂದು ಸಿಗರೇಟು ಹಚ್ಚುವಷ್ಟರಲ್ಲಿ ಕಾಮಾಕ್ಷಿಪಾಳ್ಯದ ಟ್ರಾಫಿಕ್ಕನ್ನೇ ದಾಟಬಹುದು. ಸುರಿಯುವ ಮಳೆಯಲ್ಲಿ ಹೊಡೆದಾಡಿದರೂ ಅವನ ಕೋಟು ನೆನೆಯುವುದಿಲ್ಲ, ಇದು ಅಕ್ಷಮ್ಯ. ಆದರೂ ಆ ಬೆಳಕು, ಆ ಸಂಗೀತ, ದನಿ ಎತ್ತದೆಯೇ ಹೆದರಿಸುವ ಆ ಡಾನ್! ಇಂಟರ್‌ವಲ್‌ನಲ್ಲಿ ಕಾಫಿಗೂ ನಾನು ಏಳಲಿಲ್ಲ. ಹೆಂಡತಿಯಂತೂ ಪ್ರತಿ ಗುಂಡಿನ ಸದ್ದಿಗೂ ಬೆಚ್ಚಿ ನನ್ನ ತೋಳು ಹಿಡಿದಳು. ಡ್ರೈವರ್ ಸತ್ತಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೊನೆಯ ದೃಶ್ಯ. ಎದುರಿಗೆ ತಂಗಿ, ಪಕ್ಕದಲ್ಲಿ ಅಡುಗೆಯವ. ಡಾನ್ ಪಿಸ್ತೂಲು ಎತ್ತಿದ. ಪರದೆ ಕಪ್ಪಾಯಿತು.

ಇದೂ ಸ್ಟೈಲ್ ಇರಬೇಕೆಂದು ಎರಡು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಆಮೇಲೆ ಮ್ಯಾನೇಜರ್ ಟಾರ್ಚ್ ಹಿಡಿದು ಬಂದು, ಪ್ರೊಜೆಕ್ಟರ್ ಕೆಟ್ಟಿದೆ, ಇವತ್ತು ಸರಿಹೋಗಲ್ಲ ಎಂದ.

ಪಾರ್ಕಿಂಗ್‌ನಲ್ಲಿ ಸ್ಕೂಟರ್ ತೆಗೆಯುತ್ತಾ ಕೇಳಿದೆ, "ತಂಗಿಯೋ, ಅಡುಗೆಯವನೋ? ನಿನಗೇನನ್ನಿಸುತ್ತೆ?"

"ಅನ್ಸೋದೇನು ಬಂತು, ಗೊತ್ತು. ಗುರುವಾರ ಮಹಡಿಯವರ ಜೊತೆ ನೋಡ್ಕೊಂಡು ಬಂದ್ನಲ್ಲ."

ಕೀಲಿ ಹಾಕುವುದು ಬಿಟ್ಟು ಅವಳ ಕಡೆ ತಿರುಗಿದೆ. "ಮತ್ತೆ ಒಳಗೆ ಬೆಚ್ಚಿಬಿದ್ದದ್ದು? ಅತ್ತದ್ದು?"

"ನಾನು ಸುಮ್ನೆ ಕೂತಿದ್ರೆ ನನ್ನ ಮುಖ ನೋಡೇ ಮುಂದೇನಾಗುತ್ತೆ ಅಂತ ನಿಮಗೆ ಗೊತ್ತಾಗ್ಬಿಡ್ತಿತ್ತು ಕಣ್ರೀ. ಮೂರು ಗಂಟೆ ಬೆಚ್ಚಿ ಬೆಚ್ಚಿ ಭುಜ ನೋಯ್ತಾ ಇದೆ."

ಜನ್ಮದಲ್ಲಿ ಯಾರನ್ನೂ ಅಂಗಲಾಚಿದವನಲ್ಲ ನಾನು. ಅಲ್ಲೇ, ಸ್ಕೂಟರ್‌ಗಳ ನಡುವೆ ನಿಂತು ಕೇಳಿದೆ, "ಬಾಯಿಬಿಟ್ಟು ಹೇಳಬೇಡ. ತಂಗಿ ಆದರೆ ಸುಮ್ಮನೆ ತಲೆ ಆಡಿಸು, ಸಾಕು."

ಅವಳು ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಮುಖದ ಗಾಜು ಕೆಳಗಿಳಿಸಿದಳು.