ಬೀಗರ ಹನ್ನೊಂದು ಹಡಗುಗಳು

ನಿವೃತ್ತನಾದವನು ಸುಮ್ಮನೆ ಕೂತರೆ ಮನೆಯವರಿಗೆ ಚಿಂತೆ. ಏನಾದರೂ ಮಾಡಹೊರಟರೆ ಇನ್ನೂ ಹೆಚ್ಚು ಚಿಂತೆ. ನಾನು ಎರಡನೆಯ ಗುಂಪಿನವನು. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿಬಿಡುತ್ತೇನೆ.

ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ಇಮೇಲ್ ಮೂಲಕ ಬಾಹ್ಯಾಕಾಶ ಯುದ್ಧದ ಆಟ ಆಡುತ್ತೇನೆ. ಪರದೆಯ ಮೇಲೆ ಏನೂ ಹಾರುವುದಿಲ್ಲ, ಸಿಡಿಯುವುದಿಲ್ಲ. ನನ್ನ ಯಾವ ಹಡಗು ಎಲ್ಲಿಗೆ ಹೋಗಬೇಕು, ಯಾರನ್ನು ಹೊಡೆಯಬೇಕು ಎಂದು ಆಜ್ಞೆಗಳನ್ನು ಬರೆದು ಭಾನುವಾರ ಕಳಿಸಬೇಕು. ಸೋಮವಾರ ಆಟ ನಡೆಸುವವರಿಂದ ಫಲಿತಾಂಶ ಬರುತ್ತದೆ. ಈ ಚಟ ಹಚ್ಚಿದವರು ಹುಬ್ಬಳ್ಳಿಯ ನಮ್ಮ ಬೀಗರು, ಮಗಳು ವಿದ್ಯಾಳ ಮಾವ. ಆಟದಲ್ಲಿಯೂ ನಾವಿಬ್ಬರು ಒಂದೇ ಪಕ್ಷ.

ನನ್ನ ಹಡಗುಗಳು ನಲವತ್ತಾರಾದಾಗ ಆಜ್ಞೆ ಬರೆಯಲು ಭಾನುವಾರ ಸಾಲದಾಯಿತು. "ಇಡೀ ದಿನ ಆಕಾಶದಾಗ ಇರ್ತೀರಿ, ಕಾಯಿಪಲ್ಯ ಯಾರು ತರಬೇಕು?" ಎಂದಳು ಹೆಂಡತಿ. ಒಂದೂವರೆ ತಿಂಗಳು ಪುಸ್ತಕ ಓದಿ, ಆಜ್ಞೆಗಳನ್ನು ತಾನೇ ಬರೆಯುವ ಸಣ್ಣ ಪ್ರೋಗ್ರಾಂ ಮಾಡಿದೆ. ನಿಯಮ ಒಂದೇ: ಮೊದಲೇ ಪತ್ರ ಕಳಿಸಿ ನಮ್ಮ ಗಡಿಯೊಳಗೆ ಬಂದವರನ್ನು ಬಿಡು, ಹೇಳದೆ ಬಂದವರನ್ನು ಹೊಡೆ. ಮೂರು ವಾರ ಅದು ಚೆನ್ನಾಗಿ ಹೊಡೆಯಿತು. ನಾನು ಕಾಯಿಪಲ್ಯ ತಂದೆ.

ನಾಲ್ಕನೆಯ ಸೋಮವಾರ ಫಲಿತಾಂಶ ತೆರೆದರೆ, ನನ್ನ ಪಡೆ ಹನ್ನೊಂದು ಹಡಗುಗಳನ್ನು ಪುಡಿ ಮಾಡಿತ್ತು. ಹನ್ನೊಂದೂ ಬೀಗರವು. ನನ್ನಲ್ಲಿ ಇಂಧನ ಮುಗಿಯುತ್ತ ಬಂದಿದೆಯೆಂದು ತಿಳಿದು, ಅವರು ತುಂಬಿಸಿ ಕಳಿಸಿದ್ದ ಹಡಗುಗಳು. ಗುರುವಾರ ನಮ್ಮ ಮನೆಯಲ್ಲಿ ವಿದ್ಯಾಳ ಕುಬಸ, ಏಳನೆಯ ತಿಂಗಳ ಸೀಮಂತ.

ಫೋನ್ ಮಾಡಿದೆ. "ಬೀಗರ, ತಪ್ಪಾತ್ರಿ. ನೀವು ಬರೂದು ಒಂದ್ ಮಾತು ತಿಳಿಸಿದ್ರ..."

ಅವರು ನನ್ನ ಮಾತು ಮುಗಿಸಗೊಡಲಿಲ್ಲ. "ಬೀಗರ ಮನಿಗೆ ಬರಾಕ ಅರ್ಜಿ ಹಾಕಬೇಕಂತ ನನಗ ಗೊತ್ತಿರಲಿಲ್ರಿ," ಎಂದರು. "ಗುರುವಾರದ್ದು ಹೆಂಗ್ರಿ? ಪತ್ರ ಬರದು ಬರಬೇಕೋ, ಹಂಗ ಬಂದ್ರ ನಡೀತೈತೋ?"

ನಗುತ್ತ ಹೇಳಿದರೋ ಸಿಟ್ಟಿನಿಂದ ಹೇಳಿದರೋ ನನಗೆ ತಿಳಿಯಲಿಲ್ಲ. ಹೆಂಡತಿ ಸಿಟ್ಟೆಂದೇ ತೀರ್ಮಾನಿಸಿದಳು. "ಅವರು ಬರಲಿಲ್ಲಂದ್ರ ವಿದ್ಯಾಗ ಏನ್ ಹೇಳ್ತೀರಿ? ನಿನ್ನ ಮಾವನವರನ್ನ ನಕ್ಷತ್ರದಾಗ ಹೊಡದೇನಿ ಅಂತೀರೇನ್?" ಮೂರು ದಿನ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಗುರುವಾರ ಹನ್ನೊಂದಕ್ಕೆ ಬರಬೇಕಾದವರು ಎಂಟಕ್ಕೇ ಬಂದರು. ಮನೆಮಂದಿಯೆಲ್ಲ, ಜೊತೆಗೆ ನಾವು ಲೆಕ್ಕ ಹಿಡಿಯದ ನಾಲ್ವರು. ಬೀಗರು ಬಾಗಿಲಲ್ಲೇ ಎರಡೂ ಕೈ ಮೇಲೆತ್ತಿ ನಿಂತು, "ಹೊಡೀಬ್ಯಾಡ್ರಿ, ಹೋಳಗಿ ಉಣ್ಣಾಕ ಬಂದೇವಿ," ಎಂದರು. ಎಲ್ಲರೂ ನಕ್ಕರು. ಊಟವಾದ ಮೇಲೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಮನಸಿಗೆ ಹಚ್ಕೋಬ್ಯಾಡ್ರಿ. ಮಷೀನಿಗೆ ಬೀಗಸ್ತನ ಏನ್ ತಿಳೀತೈತಿ? ಮನಷಾ ಓದಿದ್ರ ಹಿಂಗ ಆಗ್ತಿರಲಿಲ್ಲ," ಎಂದರು. ನಾನು ತಲೆಯಾಡಿಸಿದೆ.

ನಿಮಗೆ ಮಾತ್ರ ಹೇಳುತ್ತೇನೆ. ಪ್ರೋಗ್ರಾಂ ಆಜ್ಞೆಗಳನ್ನು ಬರೆಯುತ್ತದೆ, ಕಳಿಸುವುದಿಲ್ಲ. ಕಳಿಸುವ ಮೊದಲು ಮನುಷ್ಯನೊಬ್ಬ ಓದಲಿ ಎಂದು ನಾನೇ ಹಾಗೆ ಮಾಡಿದ್ದೆ. ಆ ಭಾನುವಾರವೂ ಓದಿದೆ. ಬೀಗರ ಹೆಸರನ್ನೂ ಓದಿದೆ. ಆದರೆ ಸಾಲುಗಳು ಅಷ್ಟು ನೇರವಾಗಿದ್ದವು, ಕ್ರಮಸಂಖ್ಯೆ ಎಲ್ಲೂ ತಪ್ಪಿರಲಿಲ್ಲ. ಕಚೇರಿಯಲ್ಲಿ ಮೂವತ್ತು ವರ್ಷ ಇಂಥ ಕಾಗದಗಳಿಗೆ ಸಹಿ ಮಾಡಿದವನು ನಾನು. ಕಳಿಸಿಬಿಟ್ಟೆ.