ಮಾವನಿಗೊಂದು ಬೇಳೆ ಬರ್ಗರ್

ನಮ್ಮ ಮನೆಯಲ್ಲಿ ಯಾವ ಕೆಲಸವೂ ಶುರುವಾದ ಹಾಗೆ ಮುಗಿಯುವುದಿಲ್ಲ. ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು, ಒಂದು ಸಲವಾದರೂ ಮುಗಿದದ್ದನ್ನು ನಾನು ಕಂಡಿಲ್ಲ. ಕೊಟ್ಟಿಗೆಗೆಂದು ತಂದ ಶೀಟು ಬಚ್ಚಲುಮನೆಯ ಮೇಲೆ ಕೂತಿದೆ. ಅತ್ತೆಯ ಮಂಡಿನೋವಿಗೆಂದು ತಂದ ಎಣ್ಣೆಯಿಂದ ಬಾಗಿಲು ಕಿರುಗುಟ್ಟುವುದು ನಿಂತಿತು, ಮಂಡಿ ಇನ್ನೂ ನೋಯುತ್ತಿದೆ. ಆದರೆ ಬೇಳೆ ಬರ್ಗರಿನಷ್ಟು ದಾರಿ ತಪ್ಪಿದ್ದು ಬೇರೆ ಯಾವುದೂ ಇಲ್ಲ.

ನಮ್ಮದು ಟಿ. ನರಸೀಪುರದಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ನಾಲೆ ಬದಿಯ ಒಂದು ಹಳ್ಳಿ. ಮನೆಯವರು ಬತ್ತ, ಕಬ್ಬು ನೋಡಿಕೊಳ್ಳುತ್ತಾರೆ. ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಹೋದ ವರ್ಷ ಮಾವನಿಗೆ ಗದ್ದೆ ಬದುವಿನ ಮೇಲೆ ಎದೆನೋವು ಬಂತು. ಮೈಸೂರಿಗೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿಸಿದೆವು. ಡಾಕ್ಟರು ನನ್ನ ಕಡೆ ತಿರುಗಿ, ಇನ್ನು ಮೇಲೆ ಇವರಿಗೆ ಕುರಿ ಬಾಡು ಬಂದ್, ಅದು ನಿಮ್ಮ ಜವಾಬ್ದಾರಿ ಎಂದರು. ಪಕ್ಕದಲ್ಲೇ ನಿಂತಿದ್ದ ಮಗನಿಗೆ ಹೇಳಲಿಲ್ಲ, ಹೆಂಡತಿಗೆ ಹೇಳಲಿಲ್ಲ, ಸೊಸೆಗೆ ಹೇಳಿದರು.

ಮಾವನಿಗೆ ಎಪ್ಪತ್ತೆರಡು. ಬುದ್ಧಿ ಬಂದಾಗಿನಿಂದ ಭಾನುವಾರ ಬಾಡು ತಪ್ಪಿಸಿದವರಲ್ಲ. ಆದರೂ ನಾನು ಹೂಂ ಎಂದೆ. ನನಗೆ ಕೆಲಸ ಸಿಕ್ಕ ಹೊಸದರಲ್ಲಿ, ಸೊಸೆಯಾದವಳು ದಿನಾ ಬಸ್ಸು ಹತ್ತಿ ಹೋಗುವುದೇ ಎಂದು ಊರೆಲ್ಲ ಆಡಿಕೊಂಡಿತ್ತು. ಆಗ ಆರು ವರ್ಷ, ಮಳೆಯಿರಲಿ ಬಿಸಿಲಿರಲಿ, ಮೊಪೆಡ್ಡಿನಲ್ಲಿ ಕೂರಿಸಿಕೊಂಡು ನನ್ನನ್ನು ಬಸ್‌ಸ್ಟಾಪಿಗೆ ಬಿಟ್ಟವರು ಮಾವ. ಅವರನ್ನು ಒಂದು ಪ್ಲೇಟು ಬಾಡಿಗೋಸ್ಕರ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಒಂಬತ್ತನೇ ಕ್ಲಾಸಿನ ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಬೇಳೆಯಲ್ಲಿ ಮಾಡಿದ ಬರ್ಗರ್. ತಿಂದರೆ ಬಾಡು ತಿಂದ ಹಾಗೇ ಇರುತ್ತದಂತೆ. ಅಲ್ಲಿಂದ ಶುರು.

ಮೊದಲ ಸಲ

ಬನ್ ತರಲು ಮನೆಯವರನ್ನು ನರಸೀಪುರಕ್ಕೆ ಕಳಿಸಿದೆ. ಬರ್ಗರಿಗೆ ಅಂತ ಕೇಳಿ ಎಂದು ಮೂರು ಸಲ ಹೇಳಿದ್ದೆ. ಅವರಿಗೆ ಬೇಕರಿಯಲ್ಲಿ ಅಷ್ಟು ಜನರ ಎದುರು ಬರ್ಗರ್ ಎನ್ನಲು ನಾಚಿಕೆಯಾಯಿತಂತೆ. ಸುಮ್ಮನೆ ದೊಡ್ಡ ಬನ್ ಕೊಡಿ ಎಂದು ಕೇಳಿ, ಕೆಂಪು ಹಸಿರು ಟೂಟಿಫ್ರೂಟಿ ಹಾಕಿದ ಸಿಹಿ ಬನ್ನು ತಂದರು. ಬೇರೆ ದಾರಿಯಿಲ್ಲದೆ ಅದನ್ನೇ ಅಡ್ಡ ಕೊಯ್ದೆ. ಕಡಲೆಬೇಳೆ, ಹೆಸರುಬೇಳೆ ನೆನೆಸಿ, ಬೇಯಿಸಿ, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ತರಿತರಿಯಾಗಿ ರುಬ್ಬಿದೆ. ಅಂಗೈಯಗಲ ಬಿಲ್ಲೆ ತಟ್ಟಿ ಹೆಂಚಿನ ಮೇಲೆ ಕೆಂಪಗೆ ಬೇಯಿಸಿದೆ. ಒಳಗೆ ಎಲೆಕೋಸು, ಟೊಮೇಟೊ ಇಟ್ಟು ಬನ್ನು ಮುಚ್ಚಿದೆ. ಮಗಳು ಫೋಟೋ ಹಿಡಿದಳು.

ಹಿಡಿದದ್ದು ಒಳ್ಳೆಯದಾಯಿತು, ಆಮೇಲೆ ಹಿಡಿಯಲು ಏನೂ ಉಳಿಯಲಿಲ್ಲ. ಅತ್ತೆ ತಟ್ಟೆ ಮುಂದೆ ಕೂತು ಬನ್ನನ್ನು ಎತ್ತಿ ಪಕ್ಕಕ್ಕಿಟ್ಟು, ಇದು ಸಂಜೆ ಕಾಪಿಗಾಯ್ತದೆ ಎಂದರು. ಬಿಲ್ಲೆಯನ್ನು ತಿರುಗಿಸಿ ನೋಡಿ, ವಡೆ ಎಂದು ತೀರ್ಮಾನಿಸಿ, ಅನ್ನದ ಪಕ್ಕಕ್ಕಿಟ್ಟು ಸಾರು ಬಿಟ್ಟುಕೊಂಡರು. ಎಲೆಕೋಸನ್ನು ಎಲ್ಲರ ತಟ್ಟೆಯಿಂದಲೂ ಬಳಿದು ಹಸುವಿಗೆ ಹಾಕಿದರು. ಮಾವ, ಮನೆಯವರು ಇಬ್ಬರೂ ಅತ್ತೆ ಮಾಡಿದ ಹಾಗೇ ಮಾಡಿದರು. ನಾನು ಎರಡು ಗಂಟೆ ಕಷ್ಟಪಟ್ಟು ಜೋಡಿಸಿದ್ದು ಐದು ನಿಮಿಷದಲ್ಲಿ ಕಾಫಿಗೆ, ಸಾರಿಗೆ, ಕೊಟ್ಟಿಗೆಗೆ ಹಂಚಿಹೋಯಿತು. ಹೇಗಿತ್ತು ಎಂದು ಕೇಳುವಷ್ಟರಲ್ಲಿ ಎಲ್ಲರೂ ಕೈ ತೊಳೆಯಲು ಎದ್ದಿದ್ದರು. ಹಸು ಒಂದೇ ಇನ್ನೂ ಬೇಕೆಂದು ಕೂಗುತ್ತಿತ್ತು.

ಸೋಮವಾರದ ಗಮಲು

ಎರಡು ದಿನ ಬಿಟ್ಟು ಮಾವನೇ ಮೆಲ್ಲಗೆ ಹೇಳಿದರು, ಎಲ್ಲಾ ಸರಿ, ಬಾಡಿನ ಗಮಲೇ ಇಲ್ಲವಲ್ಲ ಎಂದು. ಅಷ್ಟೇ ತಾನೇ ಎಂದುಕೊಂಡೆ. ಮುಂದಿನ ಸಲ ಕೊಚ್ಚಿದ ಬಾಡಿನ ಕೈಮ ಉಂಡೆಗೆ ಹಾಕುವ ಮಸಾಲೆಯನ್ನೇ ಬೇಳೆಗೆ ಹಾಕಿದೆ. ಚಕ್ಕೆ, ಲವಂಗ, ಗಸಗಸೆ, ಶುಂಠಿ, ಬೆಳ್ಳುಳ್ಳಿ, ಪುದೀನ, ಒಂದನ್ನೂ ಬಿಡಲಿಲ್ಲ. ಶಾಲೆಗೆ ರಜೆ ಇತ್ತೆಂದು ಬೆಳಿಗ್ಗೆಯೇ ಹೆಂಚಿಟ್ಟೆ. ಅವತ್ತು ಸೋಮವಾರ ಎನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ.

ಸೋಮವಾರ ನಂಜುಂಡೇಶ್ವರನ ವಾರ. ನಮ್ಮ ಮನೆಯಲ್ಲಿ ಅವತ್ತು ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ನನ್ನ ಹೆಂಚಿನ ಗಮಲು ಬೀದಿ ದಾಟಿತು. ಮೊದಲು ಪಕ್ಕದ ಮನೆ ದೊಡ್ಡಮ್ಮ ಬೇಲಿ ಹತ್ತಿರ ಬಂದು, ಸ್ವಾಮಾರದ ದಿನ ಕೈಮ ಮಾಡ್ತಾ ಇದ್ದೀರಲ್ಲವ್ವ ಎಂದು ಕೇಳಿದರು. ಬೇಳೆ ಎಂದು ಪಾತ್ರೆ ತೋರಿಸಿದೆ. ಬೇಳೆಗೆ ಇಂಗೆ ಗಮಲು ಬತ್ತದಾ ಬುಡು ಎಂದು ನಕ್ಕು, ಮಿಕ್ಕ ಮನೆಗಳಿಗೆ ಸುದ್ದಿ ಮುಟ್ಟಿಸಲು ಹೋದರು.

ಕೊನೆಗೆ ಅತ್ತೆಗೇ ಅನುಮಾನ ಬಂತು. ಬೆಳಿಗ್ಗೆ ಆ ಬೇಳೆಯನ್ನು ಆರಿಸಿ, ತೊಳೆದು, ನನ್ನ ಕೈಗೆ ಕೊಟ್ಟವರು ಅವರೇ. ಆದರೂ ಒಂದು ಬಿಲ್ಲೆ ಮುರಿದು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಬೇಳೆನೇ ಕಣವ್ವ, ನಂಗೂ ಕಾಣ್ತದೆ. ಆದ್ರೂ ಮನ್ಸು ಒಪ್ತಾ ಇಲ್ಲ" ಎಂದರು. ಒಲೆ ಸಾರಿಸಿದರು, ತಲೆಗೆ ನೀರು ಹಾಕಿಕೊಂಡರು, ಅರಿಸಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದಿಟ್ಟರು. ಮಾವ ಮಾತ್ರ ಸೊಸೆ ಬೇಳೆ ಅಂದಮೇಲೆ ಬೇಳೆಯೇ ಎಂದು ಮೂರು ತಿಂದು, ನಾಲ್ಕನೆಯದಕ್ಕೆ ತಟ್ಟೆ ಮುಂದೆ ಮಾಡಿದರು. ನನಗೆ ಅಷ್ಟೇ ಬೇಕಾಗಿತ್ತು.

ಮಾರನೇ ದಿನ ಕಾಣಿಕೆ ಗಂಟು ನನ್ನ ಬ್ಯಾಗಿಗೆ ಬಂತು, ಹೇಗೂ ನಂಜನಗೂಡಿಗೆ ಹೋಗುತ್ತೀಯಲ್ಲ ಎಂದು. ಶಾಲೆ ಬಿಟ್ಟ ಮೇಲೆ ದೇವಸ್ಥಾನದಲ್ಲಿ ಅರ್ಧ ಗಂಟೆ ಸಾಲಿನಲ್ಲಿ ನಿಂತೆ. ಹುಂಡಿ ಎದುರು ಬಂದಾಗ ಏನೆಂದು ಬೇಡಿಕೊಳ್ಳಬೇಕೋ ಗೊತ್ತಾಗಲಿಲ್ಲ. ಸ್ವಾಮಿ, ಬೇಳೆ ಬೇಯಿಸಿದ್ದು ತಪ್ಪಾಯಿತು ಎಂದು ಕೈಮುಗಿದು ಬಂದೆ.

ಸ್ಟಾಫ್ ರೂಮಿನಲ್ಲಿ

ಈ ಕಥೆ ಕೇಳಿ ನಮ್ಮ ಸಂಸ್ಕೃತದ ಮೇಡಂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಂಜನಗೂಡಿನ ಅಗ್ರಹಾರದ ಹಳೇ ಮನೆತನದವರು, ಆದರೂ ನನ್ನ ಜೊತೆ ಬಹಳ ಸಲಿಗೆ. ನನಗೂ ಒಂದು ತಂದುಕೊಡ್ರೀ, ರುಚಿ ನೋಡೇಬಿಡ್ತೀನಿ ಎಂದರು. ಅವರಿಗೆಂದು ಹೊಸ ಹೆಂಚು ಕೊಂಡು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಮಾಡಿ ತಂದೆ.

ಅವರಿಗೆ ಊಟದಲ್ಲಿ ಎರಡೇ ನಿಯಮ. ಎಡಗೈ ಅನ್ನಕ್ಕೆ ತಾಕಬಾರದು. ಕಚ್ಚಿದ್ದನ್ನು ಎಂಜಲಾಯಿತೆಂದು ಮತ್ತೆ ಕೆಳಗಿಡಬಾರದು, ಅದೂ ಪುಸ್ತಕ ಇಡುವ ಮೇಜಿನ ಮೇಲಂತೂ ಆಗಲೇಬಾರದು. ಈ ನಿಯಮಗಳನ್ನು ಮಾಡಿದವರಿಗೆ ಬರ್ಗರ್ ಗೊತ್ತಿರಲಿಲ್ಲ. ಮೇಡಂ ಬಲಗೈಯ ಐದೂ ಬೆರಳು ಅಗಲಿಸಿ ಅದನ್ನು ಎತ್ತಿ ಒಂದು ಕಡೆ ಕಚ್ಚಿದರು. ಕಚ್ಚಿದ ಮೇಲೆ ಮುಗಿಯಿತು, ಇನ್ನು ಮುಗಿಯುವವರೆಗೆ ಇಳಿಸುವ ಹಾಗಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ಟರ ಸರ್ಕ್ಯುಲರ್ ಹಿಡಿದು ಪ್ಯೂನ್ ಬಂದ, ತಕ್ಷಣ ಎಲ್ಲರ ಸಹಿ ಆಗಬೇಕಿತ್ತು. ಮೇಡಂ ಬಾಯಿ ತುಂಬ ಬೇಳೆ. ಬೇಡವೆನ್ನಲೂ ಆಗದೆ, ಬಲಗೈಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು, ಎಡಗೈಯಲ್ಲಿ ಪೆನ್ನು ತೆಗೆದುಕೊಂಡು ಸಹಿ ಎಳೆದರು.

ವಾರ ಬಿಟ್ಟು ಹೆಡ್‌ಮಾಸ್ಟರು ನನ್ನನ್ನು ಒಳಗೆ ಕರೆದರು. ಸರ್ಕ್ಯುಲರ್ ಮುಂದಿಟ್ಟು, ಸಂಸ್ಕೃತದ ಮೇಡಂ ಸಹಿಯನ್ನು ಯಾವ ಹುಡುಗ ಹಾಕಿದ್ದು, ನಿಮಗೇನಾದರೂ ಗೊತ್ತಾ ಎಂದು ಕೇಳಿದರು.

ಡಾಕ್ಟರು

ಮೂರು ತಿಂಗಳಿಗೆ ಮಾವನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ರಿಪೋರ್ಟು ಚೆನ್ನಾಗಿ ಬಂದಿತ್ತು. ಡಾಕ್ಟರು ಖುಷಿಯಾಗಿ, ಭಾನುವಾರ ಏನು ತಿಂತೀರಿ ಯಜಮಾನರೇ ಎಂದರು.

"ಬರ್ಗರ್ ಸಾ. ಊಟಕ್ ಮುಂಚೆ ಒಂದು, ಊಟ ಆದ್ಮೇಲೆ ಎರಡು" ಎಂದರು ಮಾವ, ಮಾತ್ರೆ ಲೆಕ್ಕ ಒಪ್ಪಿಸುವ ಹಾಗೆ.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ವಿಜ್ಞಾನ ಪಾಠ ಮಾಡುವವರು ನೀವು ಎಂದು ಶುರುಮಾಡಿದವರು ಐದು ನಿಮಿಷ ನಿಲ್ಲಿಸಲಿಲ್ಲ. ನಾನು ಫೋಟೋ ತೋರಿಸಿ, ಬೇಳೆ ಎಂದು ಬಿಡಿಸಿ ಹೇಳಿದ ಮೇಲೆ ತಣ್ಣಗಾದರು. ಆದರೆ ಹೊರಡುವಾಗ ನನ್ನೊಬ್ಬಳನ್ನೇ ಕರೆದು ಎಚ್ಚರಿಸಿದರು. ಮೂರು ತಿಂಗಳು ಎಲ್ಲರೂ ಪಥ್ಯ ಮಾಡುತ್ತಾರೆ, ನಾಲ್ಕನೇ ತಿಂಗಳಿಂದ ಕದ್ದು ತಿನ್ನಲು ಶುರುಮಾಡುತ್ತಾರೆ, ಇವರ ಎದೆ ಅದನ್ನು ತಡೆಯುವುದಿಲ್ಲ, ಕಣ್ಣಿಟ್ಟಿರಿ ಎಂದರು. ಬಸ್ಸಿನಲ್ಲಿ ಮಾವ ಕಿಟಕಿ ಪಕ್ಕ ನಿದ್ದೆ ಹೋದರು. ನನಗೆ ಊರು ಬರುವವರೆಗೂ ಭಯ. ಯಾವುದಕ್ಕೂ ಇರಲಿ ಎಂದು ಬೇಳೆ ಬರ್ಗರಿನ ವಿಧಾನವನ್ನು ಡಾಕ್ಟರು ನನ್ನಿಂದ ಕೇಳಿ ತಮ್ಮದೇ ಔಷಧಿ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಂಡೆ. ಹೊತ್ತಿಗೆ ಮೂರು ಎಂದು ಅದರಲ್ಲೂ ಬರೆದಿದ್ದರು.

ಪಂಪ್‌ಹೌಸಿನಲ್ಲಿ

ನಾಲ್ಕನೇ ತಿಂಗಳು ಬಂತು. ಒಂದು ಭಾನುವಾರ ಮಾವ, ಪಂಪ್‌ಹೌಸ್ ಹತ್ರ ಕೂತು ತಿಂತೀನಿ, ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಡಬ್ಬಿಯಲ್ಲಿ ನಾಲ್ಕು ಬಿಲ್ಲೆ ಹಾಕಿಸಿಕೊಂಡು ಹೋದರು. ಮುಂದಿನ ವಾರ ಹತ್ತು ಕೇಳಿದರು. ಅದರ ಮುಂದಿನ ವಾರ ಇಪ್ಪತ್ತು, ಬನ್ನು ಬೇಡವೇ ಬೇಡ ಎಂದರು. ನನ್ನ ಕೈರುಚಿ ಎಂದು ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಎಪ್ಪತ್ತೆರಡು ವರ್ಷದವರು ಇಪ್ಪತ್ತು ಬಿಲ್ಲೆ ಹೇಗೆ ತಿನ್ನುತ್ತಾರೆ ಎನ್ನುವ ಲೆಕ್ಕ ವಿಜ್ಞಾನದ ಮೇಡಂಗೆ ಹೊಳೆಯಲಿಲ್ಲ.

ಹೊಳೆಯಿಸಿದವರು ಪಕ್ಕದ ಮನೆ ದೊಡ್ಡಮ್ಮ. ಮಾವನ ಜೊತೆ ಐದಾರು ಮುದುಕರು ಪಂಪ್‌ಹೌಸಿನಲ್ಲಿ ಸೇರುತ್ತಾರೆ, ಚಾಕು ಇದೆ, ಬಾಳೆಎಲೆ ಇದೆ, "ನಿಮ್ ಮಾವ ಗುಡ್ಡೆ ಆಕ್ತಾ ಕೂತವ್ರೆ ಕಣವ್ವ" ಎಂದರು.

ಗುಡ್ಡೆ ಎಂದರೆ ನಮ್ಮ ಕಡೆ ಹತ್ತು ಮನೆಯವರು ಸೇರಿ ಒಂದು ಕುರಿ ಕೊಯ್ದು ಪಾಲು ಮಾಡಿಕೊಳ್ಳುವುದು. ತಕ್ಕಡಿ ಇರುವುದಿಲ್ಲ, ಎಲ್ಲ ಕಣ್ಣಂದಾಜು. ಒಬ್ಬೊಬ್ಬರ ಗುಡ್ಡೆಗೂ ಮೂಳೆ, ಮೆತ್ತನೆಯದು, ಒಂದು ಚೂರಾದರೂ ಈಲಿ, ಅಂದರೆ ಲಿವರು, ಬೀಳಲೇಬೇಕು. ಆಮೇಲೆ ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ ಇದು ಯಾರದು ಎನ್ನುತ್ತಾನೆ, ತಿರುಗಿ ನಿಂತವನು ನೋಡದೆ ಹೆಸರು ಕೂಗುತ್ತಾನೆ. ಯಾರೂ ಮೋಸವಾಯಿತು ಎನ್ನುವ ಹಾಗಿಲ್ಲ. ನಮ್ಮೂರಿನಲ್ಲಿ ನಲವತ್ತು ವರ್ಷ ಗುಡ್ಡೆ ಹಾಕಿದ ಕೈ ಮಾವನದು.

ನನಗೆ ಎಲ್ಲಾ ಅರ್ಥವಾಗಿಹೋಯಿತು. ಬೇಳೆ ನಾಯಿಗೆ, ಬಾಡು ಮಾವನಿಗೆ. ಹಿಟ್ಟಿನ ಕೈಯಲ್ಲೇ ನಾಲೆ ಏರಿ ಮೇಲೆ ನಡೆದೆ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಕಬ್ಬಿನ ಪಕ್ಕ ತಿರುಗಿದರೆ, ದೊಡ್ಡಮ್ಮ ಹೇಳಿದ್ದು ಹಾಗೇ ಕಣ್ಣ ಮುಂದೆ. ಮುದುಕರು ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದಾರೆ, ನಡುವೆ ಬಾಳೆಎಲೆ ಮೇಲೆ ಕಂದು ಬಣ್ಣದ ಏಳು ಗುಡ್ಡೆ, ಮಾವನ ಕೈಯಲ್ಲಿ ಚಾಕು. ಜೋಡಿಸಿಕೊಂಡ ಬೈಗುಳವೆಲ್ಲ ಮರೆತು ಅಳು ಬಂತು. "ಮಾವ, ನಿಮಗೇನಾದ್ರೂ ಆದ್ರೆ ನಾನು ಬದುಕಿರಬೇಕಾ" ಎಂದು ಕೂಗಿಯೇಬಿಟ್ಟೆ.

ಎಲ್ಲರೂ ತಿರುಗಿದರು. ಮಾವ ಚಾಕು ಕೆಳಗಿಟ್ಟು ಎಲೆಯನ್ನೇ ನನ್ನ ಕಡೆ ಎಳೆದರು. ನೋಡಿದರೆ ನನ್ನ ಬೇಳೆ ಬಿಲ್ಲೆಗಳು. ಒಂದೊಂದನ್ನೂ ಸಣ್ಣಗೆ ಹೆಚ್ಚಿ, ಅಂಚು, ನಡು, ಪುಡಿ ಎಲ್ಲವೂ ಎಲ್ಲರಿಗೂ ಬೀಳುವ ಹಾಗೆ ಏಳು ಪಾಲು ಮಾಡಿದ್ದರು.

"ಬಾಡ್ ಬುಟ್ಟಿದ್ದು ನಂಗೇನ್ ಕಷ್ಟ ಆಗ್ನಿಲ್ಲ ಮಗ" ಎಂದರು ಮಾವ. "ಭಾನ್ವಾರ ಬೆಳಿಗ್ಗೆ ಈ ಕೈಗೆ ಕೆಲ್ಸ ಇಲ್ದೆ ಕೂರೋದೇ ಆಯ್ತಿರ್ನಿಲ್ಲ. ಗುಡ್ಡೆಗೆ ಯಾರೂ ಕರೀತಿರ್ನಿಲ್ಲ."

ನಾನು ಅಲ್ಲೇ ಕಟ್ಟೆ ಮೇಲೆ ಕೂತೆ. ನಾಲ್ಕು ತಿಂಗಳು ಅವರ ತಟ್ಟೆಗೆ ಕಾವಲಿದ್ದವಳಿಗೆ ಇದು ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮಿಕ್ಕವರೂ ಮಾವನಂಥವರೇ. ಒಬ್ಬರಿಗೆ ಬಿ.ಪಿ., ಇಬ್ಬರಿಗೆ ಶುಗರ್, ಒಬ್ಬರಿಗೆ ಕಿಡ್ನಿ, ಮತ್ತಿಬ್ಬರಿಗೆ ಹೇಳಿಕೊಳ್ಳಲಾಗದ ಕಾಯಿಲೆ. ಎಲ್ಲರ ಮನೆಯಲ್ಲೂ ಯಾರೋ ಒಬ್ಬ ಡಾಕ್ಟರು ಬಾಡು ಬಿಡಿಸಿದ್ದರು. ಬಂದವಳು ಸುಮ್ಮನೆ ಕೂರುವುದೇಕೆ, ಹೆಸರು ಕೂಗು ಎಂದು ನನ್ನನ್ನೇ ಎಬ್ಬಿಸಿ ಕಬ್ಬಿನ ಕಡೆ ಮುಖ ಮಾಡಿ ನಿಲ್ಲಿಸಿದರು. ಮಾವ ಹಿಂದಿನಿಂದ ಇದು ಯಾರದು ಎನ್ನುವುದು, ನಾನು ಒಬ್ಬೊಬ್ಬರನ್ನೇ ಕೂಗುವುದು. ಕಣ್ಣು ಒರೆಸಿಕೊಂಡು ಏಳೂ ಕೂಗಿದೆ.

ತಿರುಗಿ ನೋಡಿದರೆ ಎಲ್ಲರೂ ತಿನ್ನುತ್ತಿದ್ದಾರೆ, ಕಿಡ್ನಿ ಕಾಯಿಲೆಯ ತಾತ ಮಾತ್ರ ತಮ್ಮ ಗುಡ್ಡೆ ಕೆದಕುತ್ತ ಮುಖ ಊದಿಸಿಕೊಂಡು ಕೂತಿದ್ದಾರೆ. ಏನಾಯಿತು ತಾತ ಎಂದೆ. ಹೋದ ವಾರವೂ ತಮಗೆ ಈಲಿ ಬೀಳಲಿಲ್ಲ, ಈ ವಾರವೂ ಬೀಳಲಿಲ್ಲ ಎಂದರು. ಬೇಳೆಗೆ ಎಲ್ಲಿಯ ಈಲಿ ಎಂದು ಮಾವನ ಮುಖ ನೋಡಿದೆ. ಹೆಂಚಿಗೆ ಕಚ್ಚಿ ಕಪ್ಪಗೆ ಸೀದ ಅಂಚೇ ಈಲಿ ಎಂದು ಅವರವರೇ ಒಪ್ಪಂದ ಮಾಡಿಕೊಂಡಿದ್ದರಂತೆ.

ತಾತ ನನ್ನ ಕೈ ಹಿಡಿದುಕೊಂಡರು. "ಅವ್ವ, ಮುಂದಿನ್ ವಾರ ವಸಿ ಸೀಯಿಸಿ ಬುಡವ್ವ. ಈಲಿ ಸಾಲ್ತಾ ಇಲ್ಲ."