ದನದ ಡಾಕ್ಟರ ಚೀಟಿಗೆ ಕೆಮ್ಮಿನ ಸಿರಪ್

"ಇದು ನಡೆಯಲ್ಲಾ ರೀ!"

ಔಷಧಿ ಅಂಗಡಿಯ ಕೌಂಟರಿನಾಚೆಯಿಂದ ಹೆಂಡತಿ ಚೀಟಿಯನ್ನು ಹಿಂದಕ್ಕೆ ತಳ್ಳಿದಳು. ಅಂಗಡಿ ಅವಳದು, ಲೈಸೆನ್ಸೂ ಅವಳದು. ಈಚೆ ನಿಂತ ಗಂಡ ಡ್ರಿಲ್ ಮೇಷ್ಟ್ರು. ಇನ್ನು ಸ್ವಲ್ಪ ಹೊತ್ತಿಗೆ ಶಾಲೆಯ ಸಭೆಯಲ್ಲಿ 'ಮಾದಕ ವಸ್ತುಗಳು ಮತ್ತು ಕಾನೂನು' ಎಂಬ ಭಾಷಣ ಮಾಡಬೇಕಾದವರು. ಮೂಲೆಯ ಸ್ಟೂಲಿನ ಮೇಲೆ ಕಣ್ಣಿನ ಡ್ರಾಪ್ಸಿಗೆ ಬಂದ ಅಜ್ಜಿ. ಡ್ರಾಪ್ಸು ಆಗಲೇ ಕೈಗೆ ಬಂದಿತ್ತು. ಆದರೆ ಪುಕ್ಕಟೆ ಜಗಳ ಬಿಟ್ಟು ಎದ್ದು ಹೋಗಲು ಅವರಿಗೇನು ತಲೆ ಕೆಟ್ಟಿದೆಯೆ?

ಗಂಡ: ಯಾಕೆ ನಡೆಯಲ್ಲ? ಡಾಕ್ಟರ ಚೀಟಿ ಇಲ್ಲದೆ ಆ ಕೆಮ್ಮಿನ ಸಿರಪ್ ಕೊಡಲ್ಲ ಅಂತ ನೀನೇ ಅಂದೆ. ತಂದಿದೀನಿ. ಸಹಿ ಇದೆ, ಮೊಹರಿದೆ.

ಹೆಂಡತಿ: ಮೊಹರು ದನದ ಆಸ್ಪತ್ರೇದು.

ಗಂಡ: ಯಾವ ಆಸ್ಪತ್ರೆಯಾದ್ರೂ ಡಾಕ್ಟರು ಡಾಕ್ಟರೇ. ನನ್ನ ಬಾಲ್ಯದ ಗೆಳೆಯ.

ಹೆಂಡತಿ: ಅದಕ್ಕೇ ನಿಮ್ಮನ್ನ ಸರಿಯಾಗಿ ಗುರುತು ಹಿಡಿದಿದಾರೆ. ಕೇಳಿ. 'ರೋಗಿ: ಕೋಣ. ವಯಸ್ಸು: ನಲವತ್ತೊಂಬತ್ತು. ಹಾಯುತ್ತದೆ, ಜೋಪಾನ.'

ಅಜ್ಜಿ: ಅಷ್ಟು ವರ್ಷ ಬದುಕುತ್ತೇನಮ್ಮ ಕೋಣ?

ಹೆಂಡತಿ: ಚೆನ್ನಾಗಿ ಸಾಕಿದ್ರೆ ಬದುಕುತ್ತೆ ಅಜ್ಜಿ.

ಗಂಡ: ಮನುಷ್ಯರಿಗೆ ಬರೆಯೋ ಅಧಿಕಾರ ಅವನಿಗಿಲ್ವಂತೆ. ಕಾನೂನು ಪಾಲಿಸಿ ಬರೆದಿದಾನೆ ಪಾಪ!

ಹೆಂಡತಿ: ಇನ್‌ಸ್ಪೆಕ್ಟರು ಬಂದು ಕೋಣ ಎಲ್ಲಿ ಅಂದ್ರೆ ನಿಮ್ಮನ್ನ ತೋರಿಸ್ಲಾ?

ಗಂಡ: ಒಂದು ಮುಚ್ಚಳ ಸಿರಪ್ಪಿಗೆ ಇನ್‌ಸ್ಪೆಕ್ಟರು ಯಾಕೆ ಬರ್ತಾರೆ? ನಾನೇನು ಹೆರಾಯಿನ್ ಕೇಳಿದ್ನಾ?

ಹೆಂಡತಿ: ಅದರ ದಾಯಾದೀನ ಕೇಳ್ತಿದೀರಿ. ಈ ಸಿರಪ್ಪಿನಲ್ಲಿರೋದು ಕೊಡೀನ್, ಅಫೀಮಿನ ವಂಶ. ಹೆರಾಯಿನ್ನೂ ಅದೇ ವಂಶ. ಆಸ್ಪತ್ರೇಲಿ ನೋವಿಗೆ ಕೊಡೋ ಮಾರ್ಫೀನೂ ಅದೇ.

ಗಂಡ: ಮತ್ತೆ ಒಂದಕ್ಕೆ ಜೈಲು, ಒಂದಕ್ಕೆ ಬೀಗ, ಒಂದಕ್ಕೆ ಚೀಟಿ! ಒಂದೇ ತಾಯಿ ಮಕ್ಕಳಿಗೆ ಇದೆಂಥ ಭೇದಭಾವ?

ಹೆಂಡತಿ: ನಿಮ್ಮ ಅಣ್ಣನೂ ನಿಮ್ಮ ತಾಯಿ ಮಗನೇ. ಮನೆ ಬೀಗದಕೈ ಕೊಡ್ತೀರಾ ಅವರ ಕೈಗೆ?

ಗಂಡ: ಅಣ್ಣನ ಸುದ್ದಿ ಬೇಡ.

ಹೆಂಡತಿ: ಕಾನೂನು ನೋಡೋದೂ ಅಷ್ಟೇ. ರೋಗಿಗೆ ಎಷ್ಟು ಉಪಯೋಗ, ಚಟ ಎಷ್ಟು ಬೇಗ ಅಂಟುತ್ತೆ? ಬರೀ ಚಟ ಅಂದ್ರೆ ಹತ್ತಿರಾನೇ ಸುಳಿಯಬೇಡಿ. ಉಪಯೋಗಾನೂ ಇದೆ, ಚಟಾನೂ ಇದೆ ಅಂದ್ರೆ ಬೀಗ ಹಾಕಿಡಿ, ಚೀಟಿ ನೋಡಿ ಕೊಡಿ. ನಿದ್ದೆ ಮಾತ್ರೆಗೂ ಹೀಗೇ ಕಾವಲು.

ಅಜ್ಜಿ ಕೈಚೀಲದಿಂದ ಪುಟ್ಟ ಡಬ್ಬಿ ತೆಗೆದರು.

ಅಜ್ಜಿ: ನನ್ನ ನಶ್ಯ ಯಾವ ಸಾಲಿಗೆ ಬರುತ್ತಮ್ಮ?

ಹೆಂಡತಿ: ಯಾವ ಸಾಲಿಗೂ ಇಲ್ಲ. ಹೊಗೆಸೊಪ್ಪು, ಹೆಂಡಕ್ಕೆಲ್ಲ ಬೇರೆ ಕಾನೂನು. ಮಕ್ಕಳಿಗೆ ಮಾರಬಾರದು. ದೊಡ್ಡವರು ಕೊಂಡ್ರೆ ಸರ್ಕಾರ ತೆರಿಗೆ ತಗೊಂಡು ಸುಮ್ಮನಾಗುತ್ತೆ.

ಅಜ್ಜಿ: ಅಂದ್ರೆ ಒಳ್ಳೇದು ಅಂತಾಯ್ತು.

ಹೆಂಡತಿ: ಎಲ್ಲಿ ಒಳ್ಳೇದು? ನಾಳೆ ಒಂದು ದಿನ ಬಿಟ್ಟು ತೋರಿಸಿ ನೋಡೋಣ.

ಅಜ್ಜಿ: ನನ್ನ ಗೊಡವೆ ನಿನಗ್ಯಾಕೆ? ಮೊದಲು ನಿನ್ನ ಕೋಣನ್ನ ವಿಚಾರಿಸ್ಕೋ.

ಗಂಡ: ಹಾಗಾದ್ರೆ ಪಂಕ್ಚರ್ ಹಾಕೋ ಅಂಟು? ಶಾಲೆ ಹಿಂದುಗಡೆ ಹುಡುಗರು ಮೂಸ್ತಿದ್ದಕ್ಕೇ ಈ ಭಾಷಣ ಇಟ್ಟಿರೋದು. ಅದು ಯಾವ ಸಾಲು?

ಹೆಂಡತಿ: ಕಾನೂನಿನ ಕಣ್ಣಿಗೆ ಅದು ಬರೀ ಅಂಗಡಿ ಸಾಮಾನು. ಹಾಗಂತ ಸಾಧು ಅಲ್ಲ. ಮೊದಲ ಸಲ ಮೂಸಿದಾಗಲೇ ಎದೆಬಡಿತ ನಿಂತುಬಿಡಬಹುದು. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಅಮೃತ ಅಲ್ಲ ಅಂತ ಆ ಮಕ್ಕಳಿಗೆ ಹೇಳಿ. ಇನ್ನೇನು ಮರೆತರೂ ಇದನ್ನ ಮರೀಬೇಡಿ.

ಗಂಡ: ಹೇಳ್ತೀನಿ. ಸಿರಪ್ ಕೊಡು, ಹೇಳ್ತೀನಿ.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಗಂಡನನ್ನು ದಿಟ್ಟಿಸಿದಳು.

ಹೆಂಡತಿ: ಅಲ್ಲಾ ರೀ, ಇಷ್ಟು ಹೊತ್ತು ಗಂಟಲು ಹರಿಯೋ ಹಾಗೆ ವಾದ ಮಾಡಿದ್ರಲ್ಲ, ಒಂದ್ಸಲಾನಾದ್ರೂ ಕೆಮ್ಮಿದ್ರಾ?

ಮೇಷ್ಟ್ರು ಗಡಿಬಿಡಿಯಲ್ಲಿ ಕೆಮ್ಮಿದರು.

ಅಜ್ಜಿ: ಇದು ಸಾಲದು ಮೇಷ್ಟ್ರೇ. ಇನ್ನೊಂದ್ಸಲ, ಹೊಟ್ಟೆಯಿಂದ.

ಗಂಡ: (ಸೋತು) ಕೆಮ್ಮು ಅಲ್ಲ ಕಣೇ. ಹೆದರಿಕೆ. ಮೈದಾನದಲ್ಲಾದ್ರೆ ವಿಶಲ್ ಊದಿದ್ರೆ ಮುಗೀತು. ಮೈಕಿನ ಮುಂದೆ ಬಾಯಲ್ಲಿ ಮಾತಾಡಬೇಕಲ್ಲ! ಹೋದ ತಿಂಗಳು ನಿಜವಾಗಿ ಕೆಮ್ಮಿದ್ದಾಗ ಆ ಸಿರಪ್ ಕುಡಿದಿದ್ನಲ್ಲ, ಹೆಡ್‌ಮಿಸ್ ಬೈತಿದ್ರೂ ಒಳಗೆಲ್ಲ ಹಾಯಾಗಿತ್ತು.

ಹೆಂಡತಿಯ ತಮಾಷೆ ಅಲ್ಲೇ ನಿಂತಿತು. ಅವಳಿಗೆ ನಿಜಕ್ಕೂ ಭಯವಾಗಿತ್ತು.

ಹೆಂಡತಿ: ಹೀಗೇ ಕಣ್ರೀ ಶುರುವಾಗೋದು. ಕೆಮ್ಮು ಹೋಗಿರುತ್ತೆ, ಹಾಯಾಗಿತ್ತಲ್ಲ ಅನ್ನೋದು ಉಳ್ಕೊಂಡಿರುತ್ತೆ. ಲೈಸೆನ್ಸ್ ಹೋದ್ರೆ ಹಾಳಾಗಿ ಹೋಗ್ಲಿ. ನನಗೆ ನೀವು ಬೇಕು.

ಮೇಷ್ಟ್ರು ದನದ ಡಾಕ್ಟರ ಚೀಟಿಯನ್ನು ಹರಿದು ಕಸದಬುಟ್ಟಿಗೆ ಹಾಕಿದರು.

ಗಂಡ: ಹಾಗಾದ್ರೆ ನೀನೂ ಬಾ. ಎದುರಿಗೇ ಕೂತ್ಕೋ.

ಹೆಂಡತಿ: ನಾನು ಕೂತ್ರೆ ಹೆದರಿಕೆ ಹೋಗುತ್ತಾ?

ಗಂಡ: ಹೋಗಲ್ಲ. ಆದ್ರೆ ನಿನ್ನ ಕಂಡ್ರೆ ಆಗೋ ಹೆದರಿಕೆ ಮುಂದೆ ಮೈಕಿನದು ಯಾವ ಲೆಕ್ಕ? ಮದುವೆಯಾದಾಗಿಂದ ನಿನಗೆ ಹೆದರಿ ಹೆದರಿ ಅಭ್ಯಾಸ ಆಗಿದೆ.

ಅಜ್ಜಿ ಒಂದು ಚಿಟಿಕೆ ನಶ್ಯ ಏರಿಸಿ, ಜೋರಾಗಿ ಸೀನಿ, ಸ್ಟೂಲಿನಿಂದೆದ್ದರು.

ಅಜ್ಜಿ: ಅದು ಅಭ್ಯಾಸ ಅಲ್ಲ ಮೇಷ್ಟ್ರೇ, ಚಟ. ನಮ್ಮ ಯಜಮಾನರಿಗೂ ಇತ್ತು. ಯಾವ ಡಾಕ್ಟರ ಚೀಟಿ ತಂದ್ರೂ ಅದಕ್ಕೆ ಮಾತ್ರ ಔಷಧಿ ಸಿಗಲ್ಲ!